ಕುಶಾಲನಗರ–ಮಡಿಕೇರಿ ದಾರಿಯ ಸ್ಪೈಸಸ್ ಅಂಗಡಿಗಳು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಕುಶಾಲನಗರ ದಾಟಿ ಗುಡ್ಡೆಹೊಸೂರು, ಸುಂಟಿಕೊಪ್ಪದ ಮೇಲಿಂದ ಮಡಿಕೇರಿಗೆ ಹತ್ತುವ ರಸ್ತೆಯ ಎರಡೂ ಬದಿಗೆ ಒಂದೇ ಅಚ್ಚಿನಲ್ಲಿ ಒತ್ತಿದಂಥ ಬೋರ್ಡುಗಳು: ಕೂರ್ಗ್ ಸ್ಪೈಸಸ್, ಪ್ಯೂರ್ ಹನಿ, ಹೋಂ ಮೇಡ್ ಚಾಕೊಲೇಟ್, ಹೋಂ ಮೇಡ್ ವೈನ್. ಮಡಿಕೇರಿ ಪೇಟೆಯೊಳಗೂ ಅಬ್ಬಿ ಜಲಪಾತದ ದಾರಿಯಲ್ಲೂ ಇದೇ ಸಾಲು. ಈ ವಿಮರ್ಶೆ ಯಾವುದೋ ಒಂದು ಅಂಗಡಿಯದ್ದಲ್ಲ. ಎಲ್ಲದರಲ್ಲೂ ಇರುವ ಸರಕು ಹೆಚ್ಚುಕಮ್ಮಿ ಒಂದೇ ಆದ್ದರಿಂದ ಅಂಗಡಿಗೆ ಅಂಕ ಕೊಡುವುದಕ್ಕಿಂತ ಸರಕಿಗೆ ಕೊಡುವುದೇ ಸರಿ.

ಬೆಂಗಳೂರು, ಮುಂಬಯಿಯಂಥ ಊರುಗಳಲ್ಲಿ ಪ್ರವಾಸಿಗರಿಗೆ ಆಗುವ ಮೋಸ ಕಣ್ಣಿಗೆ ಕಾಣುತ್ತದೆ. ಮೀಟರ್ ಹಾಕದ ಆಟೋ, ‘ಇವತ್ತು ಅರಮನೆ ಬಂದ್, ಬನ್ನಿ ಎಂಪೋರಿಯಂ ತೋರಿಸ್ತೀನಿ’ ಅನ್ನುವ ಗೈಡು. ಇಲ್ಲಿಯದು ಹಾಗಲ್ಲ. ಅಂಗೈಗೆ ಒಂದು ಚಮಚ ಜೇನು, ಬಾಯಿಗೆ ಒಂದು ತುಂಡು ಚಾಕೊಲೇಟು ಬೀಳುತ್ತದೆ, ಆಮೇಲೆ ಬರಿಗೈಲಿ ಹೊರಡಲು ಯಾರಿಗಾದರೂ ಸಂಕೋಚ. ಪೂರಾ ಸುಳ್ಳು ಸರಕು ಕಡಿಮೆ. ಅರ್ಧ ನಿಜದ ಸರಕಿಗೆ ಪೂರಾ ನಿಜದ ಬೆಲೆ ಹಾಕುವುದೇ ಇಲ್ಲಿಯ ವ್ಯಾಪಾರ.

ಬೆಲೆ ಏರುವುದು ಎಲ್ಲಿ ಅಂತ ಮೊದಲು ತಿಳಿದಿರಲಿ. ಬಾಡಿಗೆ ಕಾರು, ಟಿಟಿ (ಟೆಂಪೋ ಟ್ರಾವೆಲರ್), ಪ್ಯಾಕೇಜ್ ಬಸ್ಸಿನ ಚಾಲಕ ಗಿರಾಕಿಗಳನ್ನು ಕರೆತಂದರೆ ಬಿಲ್ಲಿನಲ್ಲಿ ಅವನಿಗೊಂದು ಪಾಲು ಉಂಟು. ಕೆಲವು ಕಡೆ ಚಾಲಕನಿಗೆ ಊಟವೂ ಪುಕ್ಕಟೆ. ಆ ಪಾಲು ಹೊರಗಿಂದ ಬರುವುದಿಲ್ಲ, ನಿಮ್ಮ ಪೊಟ್ಟಣದ ಬೆಲೆಯೊಳಗೇ ಕೂತಿರುತ್ತದೆ. ಚಾಲಕನ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಅವನ ದಿನಗೂಲಿಯ ಲೆಕ್ಕವೇ ಹಾಗಿದೆ. ‘ಅಣ್ಣಾ, ಅಂಗಡಿಗೆ ನಾವೇ ನಡೆದು ಹೋಗ್ತೀವಿ, ನೀವು ಟೀ ಕುಡೀರಿ’ ಅಂದು, ಅವನು ನಿಲ್ಲಿಸಿದ ಜಾಗದಿಂದ ನಾಲ್ಕು ಅಂಗಡಿ ಆಚೆ ಹೋಗಿ ದರ ಕೇಳಿ. ಒಂದೇ ಏಲಕ್ಕಿಗೆ ಎರಡು ಬೆಲೆ ಕೇಳಿಸಿದರೆ ವಿಷಯ ಗೊತ್ತಾಯಿತು.

ಸರಕಿನ ವಿಚಾರಕ್ಕೆ ಬಂದರೆ ಒಂದೇ ಸೂತ್ರ: ಪುಡಿಗಿಂತ ಇಡಿ ಮೇಲು, ಇಡಿ ಇರುವಾಗ ದ್ರವದ ಹತ್ತಿರ ಹೋಗುವುದು ಕೊನೆಗೆ. ಆಕಾರ ಇರುವ ವಸ್ತುವಿನಲ್ಲಿ ಕಲಬೆರಕೆ ಕಣ್ಣಿಗೆ ಬೀಳುತ್ತದೆ. ಪುಡಿಯಲ್ಲಿ ಅಡಗುತ್ತದೆ, ಬಾಟಲಿಯಲ್ಲಿ ಕರಗಿಯೇ ಹೋಗುತ್ತದೆ.

ಇಡಿ ಕಾಳುಮೆಣಸಿಗೆ ಇಲ್ಲಿ ಮೊದಲ ಸ್ಥಾನ. ಒಂದು ಕಾಳನ್ನು ಹಲ್ಲಿನಲ್ಲಿ ಒಡೆದರೆ ಒಳಗೆ ಬಿಳಿ ತಿರುಳಿರಬೇಕು, ಖಾರ ನಾಲಗೆಯ ಹಿಂಬದಿಗೆ ಏರಿ ನಿಲ್ಲಬೇಕು. ಪಪ್ಪಾಯಿ ಬೀಜ ಬೆರೆತಿದ್ದರೆ ಅದು ಮೊಟ್ಟೆಯಾಕಾರ, ಸ್ವಲ್ಪ ಹಸಿರುಗಂದು, ಮೆಣಸಿನ ವಾಸನೆ ಇಲ್ಲ. ಲೋಟ ನೀರಿಗೆ ಒಂದು ಚಮಚ ಹಾಕಿದರೆ ಗಟ್ಟಿ ಮೆಣಸು ತಳ ಸೇರುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಆದರೆ ಜೊಳ್ಳು ಮೆಣಸೂ ತೇಲುತ್ತದೆ, ಹಾಗಾಗಿ ತೇಲಿದ್ದೆಲ್ಲ ಪಪ್ಪಾಯಿ ಅಂತ ಜಗಳಕ್ಕೆ ನಿಲ್ಲಬೇಡಿ. ಎರಡಕ್ಕೂ ದುಡ್ಡು ಕೊಡದಿದ್ದರಾಯಿತು. ವ್ಯಾಪಾರಿಗಳು ಮೆಣಸನ್ನು ಅಳೆಯುವುದೇ ಲೀಟರ್ ತೂಕದಲ್ಲಿ: ಒಂದು ಲೀಟರ್ ಅಳತೆಗೆ 550 ಗ್ರಾಂ ಸುಮಾರಿಗೆ ತೂಗಿದರೆ ಒಳ್ಳೆ ಮಾಲು, 500ಕ್ಕಿಂತ ಕೆಳಗಿದ್ದರೆ ಜೊಳ್ಳು ಹೆಚ್ಚು. ಅಂಗಡಿಯಲ್ಲಿ ಲೀಟರ್ ಪಾತ್ರೆ ಹಿಡಿದು ನಿಲ್ಲಲಾಗದು, ಆದರೆ ಒಂದೇ ತೂಕದ ಎರಡು ಪೊಟ್ಟಣಗಳಲ್ಲಿ ಯಾವುದು ಚಿಕ್ಕದಾಗಿ ಕಾಣುತ್ತದೋ ಅದನ್ನು ಎತ್ತಿಕೊಳ್ಳಬಹುದು. ಕನ್ನಡಿಯಂತೆ ಹೊಳೆಯುವ ಮೆಣಸು ಬೇಡ. ಬಿಸಿಲಲ್ಲಿ ಒಣಗಿದ ಮೆಣಸಿಗೆ ಮಂಕು ಕಪ್ಪು ಬಣ್ಣ, ಚರ್ಮವೆಲ್ಲ ಸುಕ್ಕು. ಹೊಳಪಿಗೆ ಕಾರಣ ಖನಿಜ ಎಣ್ಣೆ ಇರಬಹುದು. ಟಿಶ್ಯೂ ಪೇಪರಿನಲ್ಲಿ ಉಜ್ಜಿದರೆ ಜಿಡ್ಡು ಹತ್ತುತ್ತದೆ.

ಅದು ಕೊಡಗಿನದೋ ವಿಯೆಟ್ನಾಂನದೋ ಎಂದು ನೋಡಿ ಹೇಳುವುದು ಕಷ್ಟ. ಹೊರಗಿನ ಮಾಲು ಸ್ಥಳೀಯ ಮೆಣಸಿನ ಜೊತೆ ಬೆರೆಯುತ್ತದೆ ಎಂಬುದು ಬೆಳೆಗಾರರ ಹಳೆಯ ದೂರು. ಅಗ್ಗದ ಆಮದು ತಡೆಯಲೆಂದೇ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಹಾಕಿತು. ಊರಿನ ಖಾತರಿಯೇ ಬೇಕೆಂದರೆ ಬೆಳೆಗಾರರ ಸಹಕಾರ ಸಂಘದ ಮಳಿಗೆ ನೋಡುವುದು ವಾಸಿ.

ಕಾಫಿಯದು ದೊಡ್ಡ ಕತೆ. ‘ಪ್ಯೂರ್ ಕೂರ್ಗ್ ಫಿಲ್ಟರ್ ಕಾಫಿ’ ಅಂತ ಮುಂದೆ ದಪ್ಪಕ್ಷರ, ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಕಾಫಿ 60, ಚಿಕೋರಿ 40. ಮೋಸದ ನೆಲೆ ಇದೇ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಿರಬೇಕು ಎಂಬುದು ನಿಯಮ. ಚಿಕೋರಿ ವಿಷವೇನಲ್ಲ, ಒಂದು ಗಿಡದ ಬೇರನ್ನು ಹುರಿದು ಬೀಸಿದ ಪುಡಿ. ಎಂಬತ್ತಕ್ಕೆ ಇಪ್ಪತ್ತು ಬೆರೆಸಿದ ಡಿಕಾಕ್ಷನ್ ಗಟ್ಟಿ, ಹಲವರಿಗೆ ಅದೇ ಇಷ್ಟ. ಆದರೆ ಬೇರಿನ ಪುಡಿಗೆ ಬೀಜದ ಬೆಲೆ ಕೊಡುವುದು ಯಾಕೆ? ‘ಅಕ್ಕಾ, ಇದರಲ್ಲಿ ಚಿಕೋರಿ ಎಷ್ಟು?’ ಅಂತ ಕೇಳಿದಾಗ ‘ಇಲ್ಲ ಮೇಡಂ, ನಮ್ಮ ಸ್ವಂತ ತೋಟದ್ದು’ ಎಂಬ ಉತ್ತರ ಬಂದರೆ ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ತೋಟ ಸ್ವಂತದ್ದಿರಬಹುದು, ಚಿಕೋರಿ ಕೊಡಗಿನ ಕಾಫಿ ತೋಟದ ಬೆಳೆಯಂತೂ ಅಲ್ಲ.

ರೂಮಿಗೆ ಹೋಗಿ ನೋಡಬಹುದಾದ ಪರೀಕ್ಷೆ: ಗಾಜಿನ ಲೋಟದಲ್ಲಿ ತಣ್ಣೀರು, ಮೇಲೆ ಅರ್ಧ ಚಮಚ ಪುಡಿ, ಕಲಕಬಾರದು. ಕಾಫಿ ಪುಡಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ತಕ್ಷಣ ಮುಳುಗುತ್ತಾ ಕಂದು ಗೆರೆಗಳನ್ನು ಬಿಡುತ್ತದೆ. ತೀರಾ ನುಣ್ಣಗೆ ಬೀಸಿದ ಕಾಫಿಯೂ ಒಂದಿಷ್ಟು ಮುಳುಗುವುದರಿಂದ ಇದು ಶೇಕಡಾ ಲೆಕ್ಕ ಹೇಳದು, ಇದೆಯೋ ಇಲ್ಲವೋ ಎಂದು ಮಾತ್ರ ಹೇಳುತ್ತದೆ.

ಬೆಲೆಯಿಂದಲೂ ಸತ್ಯ ಹೊರಡಿಸಬಹುದು. ಕೊಡಗಿನ ದಿನಪತ್ರಿಕೆಗಳಲ್ಲಿ ಕಾಫಿಯ ದರ 50 ಕಿಲೋ ಚೀಲದ ಲೆಕ್ಕದಲ್ಲಿ ಬರುತ್ತದೆ. ಅದನ್ನು 50ರಿಂದ ಭಾಗಿಸಿ ‘ಇಷ್ಟು ಅಗ್ಗವೇ!’ ಎನ್ನುವುದು ಪ್ರವಾಸಿಗರ ಮಾಮೂಲಿ ತಪ್ಪು. ರೊಬಸ್ಟಾ ಚೆರ್ರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು. 50 ಕಿಲೋ ಚೀಲದಲ್ಲಿ ಸಿಪ್ಪೆ ಹೋಗಿ ಉಳಿಯುವ ಬೀಜ ಸುಮಾರು 26 ಕಿಲೋ. ಇದಕ್ಕೇ ಇಲ್ಲಿ ಔಟ್‌ಟರ್ನ್ ಅನ್ನುವುದು. ಹುರಿದಾಗ ಇನ್ನೂ ಶೇ. 15ರಿಂದ 20ರಷ್ಟು ತೂಕ ಇಳಿದು ಕೈಗೆ ಬರುವುದು 21–22 ಕಿಲೋ. ಅಂದಮೇಲೆ ಚೀಲದ ದರವನ್ನು 21ರಿಂದ ಭಾಗಿಸಿದರೆ ಒಂದು ಕಿಲೋ ಶುದ್ಧ ರೊಬಸ್ಟಾ ಪುಡಿಯ ಅಸಲು ಸಿಗುತ್ತದೆ, ಹುರಿಯುವ, ಬೀಸುವ, ಪೊಟ್ಟಣ ಕಟ್ಟುವ ಖರ್ಚು ಬೇರೆ. ಅದಕ್ಕಿಂತ ಕಡಿಮೆಗೆ ‘ನೂರಕ್ಕೆ ನೂರು ಕಾಫಿ’ ಮಾರುವವನು ದಾನಿಯಾಗಿರಬೇಕು, ಇಲ್ಲವೇ ಚಿಕೋರಿ ಹಾಕಿರಬೇಕು.

ಕೊಳ್ಳುವುದಾದರೆ ಹುರಿದ ಇಡಿ ಬೀಜ ಕೊಳ್ಳಿ. ಅದರಲ್ಲಿ ಚಿಕೋರಿಯ ಮಾತೇ ಹುಟ್ಟುವುದಿಲ್ಲ, ತಳಿಯೂ ಗೊತ್ತಾಗುತ್ತದೆ: ಅರೇಬಿಕಾ ಬೀಜ ಉದ್ದುದ್ದ, ನಡುವಿನ ಸೀಳು ಬಾಗಿ ಬಳುಕಿರುತ್ತದೆ, ರೊಬಸ್ಟಾ ಗುಂಡಗೆ, ಸೀಳು ನೇರ. ಕೊಡಗಿನಲ್ಲಿ ಬೆಳೆಯುವುದು ಹೆಚ್ಚು ರೊಬಸ್ಟಾವೇ. ಕೂರ್ಗ್ ಅರೇಬಿಕಾಕ್ಕೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಕಾನೂನಿನ ಗುರುತು) ಸಿಕ್ಕಮೇಲೆ ಬೋರ್ಡಿನಲ್ಲಿ ಅರೇಬಿಕಾ ಹೆಚ್ಚಾಗಿದೆ, ತೋಟದಲ್ಲಿ ಅಷ್ಟೇನಲ್ಲ. ಹುರಿದ ತಾರೀಖು ಕೇಳಿ. ಬೀಜ ಮುಚ್ಚಿದ ಡಬ್ಬಿಯಲ್ಲಿ ಒಂದು ತಿಂಗಳಿಗೂ ಮೇಲೆ ಚೆನ್ನಾಗಿರುತ್ತದೆ, ಪುಡಿ ಎರಡು ಮೂರು ವಾರದಲ್ಲಿ ಸಪ್ಪೆ. ಮನೆಯಲ್ಲಿ ಗ್ರೈಂಡರ್ ಇಲ್ಲವೆಂದರೆ ಮಿಕ್ಸಿಯ ಸಣ್ಣ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಫಿಲ್ಟರಿಗೆ ಸಾಕಾಗುವಷ್ಟು ಬರುತ್ತದೆ. ಪುನುಗು ಬೆಕ್ಕಿನ ಕಾಫಿ (ಬೆಕ್ಕು ಹಣ್ಣು ತಿಂದು ಹೊರಹಾಕಿದ ಬೀಜದ್ದು) ಎಂದು ಚಿಕ್ಕ ಡಬ್ಬಿ ತೋರಿಸಿದರೆ ನೋಡಿ ವಾಪಸ್ ಕೊಡಿ. ಬೆಕ್ಕು ತಿಂದದ್ದೋ ಇಲ್ಲವೋ ಎಂದು ಕೌಂಟರಿನಲ್ಲಿ ನಿಂತು ತಿಳಿಯುವ ದಾರಿಯೇ ಇಲ್ಲ.

ಏಲಕ್ಕಿ ಒಪ್ಪಬಹುದು, ಎಚ್ಚರದಿಂದ. ಒಂದು ಕಾಯಿ ಸುಲಿದು ನೋಡಿ: ಬೀಜ ಕಪ್ಪಗೆ, ಬೆರಳಿಗೆ ಅಂಟುವಂತಿದ್ದರೆ ಹೊಸತು, ಕಂದು ಬಣ್ಣಕ್ಕೆ ತಿರುಗಿ ಉದುರಿದರೆ ಹಳತು. ಗಿಳಿ ಹಸಿರಿದ್ದರೆ ಒದ್ದೆ ಬೆರಳಲ್ಲಿ ಉಜ್ಜಿ, ಬಣ್ಣ ಬಿಟ್ಟರೆ ಬೇಡ. ದೊಡ್ಡ ಕಾಯಿಗೆ ದೊಡ್ಡ ಬೆಲೆ, ಆದರೆ ಪಾಯಸಕ್ಕೆ ಕುಟ್ಟಿ ಹಾಕುವವರಿಗೆ ಸಣ್ಣ ಕಾಯಿಯೇ ಲಾಭ. ಲವಂಗವನ್ನು ನೀರಿಗೆ ಹಾಕಿ ಮುಳುಗಿದರೆ ಅಥವಾ ನೆಟ್ಟಗೆ ನಿಂತರೆ ಎಣ್ಣೆ ಉಳಿದಿದೆ, ಅಡ್ಡಡ್ಡ ತೇಲಿದರೆ ಎಣ್ಣೆ ಹಿಂಡಿದ್ದು. ಇನ್ನು ಕೇಸರಿ, ಚಕ್ರಮೊಗ್ಗು, ಪಿಸ್ತಾ, ಒಣ ಅಂಜೂರ ಇವೆಲ್ಲ ‘ಕೂರ್ಗ್’ ಹೆಸರಿನ ಡಬ್ಬಿಯಲ್ಲಿದ್ದರೂ ಕೊಡಗಿನ ಬೆಳೆಯಲ್ಲ. ನಿಮ್ಮೂರಿನ ದಿನಸಿ ಅಂಗಡಿಯಲ್ಲೇ ತೆಗೆದುಕೊಳ್ಳಬಹುದು.

ಜೇನಿಗೆ ಕಡಿಮೆ ಅಂಕ. ಅದಕ್ಕೆ ಜೇನಲ್ಲ, ಪರೀಕ್ಷೆಯ ನಾಟಕ ಕಾರಣ. ಅಂಗಡಿಯವರು ಬೆಂಕಿಕಡ್ಡಿಯನ್ನು ಜೇನಿನಲ್ಲಿ ಅದ್ದಿ ಗೀರಿ ಉರಿಸುತ್ತಾರೆ, ಪೇಪರಿನ ಮೇಲೆ ತೊಟ್ಟಿಕ್ಕಿಸುತ್ತಾರೆ, ನೀರಿನ ಲೋಟಕ್ಕೆ ಬಿಟ್ಟು ತಳ ಸೇರುವುದನ್ನು ತೋರಿಸುತ್ತಾರೆ. ಇವೆಲ್ಲ ಅಳೆಯುವುದು ನೀರಿನಂಶ ಒಂದನ್ನೇ. ಗಟ್ಟಿಯಾಗಿ ಕಾಯಿಸಿದ ಸಕ್ಕರೆ ಪಾಕ ಮೂರರಲ್ಲೂ ಪಾಸಾಗುತ್ತದೆ. ಅಕ್ಕಿ ಸಿರಪ್ ಬೆರೆಸಿದ್ದು ಪ್ರಯೋಗಾಲಯದಲ್ಲೇ ಸುಲಭವಾಗಿ ಸಿಕ್ಕಿಬೀಳುವುದಿಲ್ಲ, ಬೆಂಕಿಕಡ್ಡಿಗೆ ಸಿಗುತ್ತದೆಯೇ? ತಮಾಷೆಯೆಂದರೆ ಮುಜಂಟಿ (ಚುಚ್ಚದ ಪುಟ್ಟ ಜೇನ್ನೊಣ) ಜೇನು ಅಸಲಿಯಾಗಿದ್ದರೂ ಈ ಪರೀಕ್ಷೆಯಲ್ಲಿ ಸೋಲಬಹುದು. ಅದರಲ್ಲಿ ಸಹಜವಾಗಿಯೇ ನೀರು ಹೆಚ್ಚು, ರುಚಿ ಹುಳಿ. ಒಂದು ಮುಜಂಟಿ ಗೂಡಿನಿಂದ ವರ್ಷಕ್ಕೆ ಸಿಗುವುದು ಕೆಲವು ನೂರು ಗ್ರಾಂ ಇರಬಹುದು. ಸಾಲಾಗಿ ಇಪ್ಪತ್ತು ಬಾಟಲಿ ಇಟ್ಟವರನ್ನು ಎಷ್ಟು ಗೂಡುಗಳಿವೆ ಅಂತ ಕೇಳಿ ನೋಡಿ.

ಪೆಟ್ಟಿಗೆಯಲ್ಲಿ ಸಾಕುವ ತುಡುವೆ ನೊಣದ ಜೇನೂ ಹೊಳೆಯಂತೆ ಹರಿಯುವ ಸರಕಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲನ್ನು ಕೊಂದುಹಾಕಿತು. ಆಮೇಲೆ ಕೃಷಿ ಚೇತರಿಸಿಕೊಂಡಿತಾದರೂ ಈಗಲೂ ಪೆಟ್ಟಿಗೆಯೊಂದಕ್ಕೆ ವರ್ಷಕ್ಕೆ ಕೆಲವೇ ಕಿಲೋ, ಅದೂ ಬೇಸಿಗೆಯಲ್ಲಿ. ಆಗಸ್ಟಿನ ಜಡಿಮಳೆಯಲ್ಲಿ ‘ನಿನ್ನೆ ಇಳಿಸಿದ ಜೇನು’ ಎನ್ನುವವರ ಮಾತಿಗೆ ನಕ್ಕು ಮುಂದೆ ಹೋಗಬಹುದು. ರಸ್ತೆಬದಿಯಲ್ಲಿ ಬಕೆಟ್ಟಿನೊಳಗೆ ಜೇನುಹುಟ್ಟು ಇಟ್ಟುಕೊಂಡು ಕೂತವರದೂ ಅಷ್ಟೇ: ಹುಟ್ಟು ನಿಜ, ಅದು ನೆನೆದಿರುವುದು ಯಾವುದರಲ್ಲಿ ಎಂಬುದು ಪ್ರಶ್ನೆ.

ಜೇನಿಗೆ ತಕ್ಕಡಿಯ ಒಂದು ಪರೀಕ್ಷೆ ಇದೆ. ಜೇನು ನೀರಿಗಿಂತ ಸುಮಾರು 1.4 ಪಟ್ಟು ಭಾರ. ಅರ್ಧ ಲೀಟರ್ ಬಾಟಲಿಯಲ್ಲಿ, ಖಾಲಿ ಬಾಟಲಿಯ ತೂಕ ಕಳೆದು, 700 ಗ್ರಾಂ ಹತ್ತಿರ ಇರಬೇಕು. 620–630 ತೂಗಿದರೆ ನೀರಾಗಿದೆ, ಬೇಗ ಹುಳಿ ಬರುತ್ತದೆ. ಇದರ ಇನ್ನೊಂದು ಮುಖವೂ ಗೊತ್ತಿರಲಿ: ‘ಅರ್ಧ ಲೀಟರ್’ ಮತ್ತು ‘ಅರ್ಧ ಕಿಲೋ’ ಒಂದೇ ಅಲ್ಲ. ಅರ್ಧ ಕಿಲೋ ಜೇನು 360 ಮಿಲಿಯಷ್ಟೇ. ಬೆಲೆ ಲೀಟರಿನ ಲೆಕ್ಕದಲ್ಲಿ ಹೇಳಿ ತುಂಬುವುದು ಕಿಲೋ ಲೆಕ್ಕದಲ್ಲಾದರೆ ನಷ್ಟ ಕಾಲುಭಾಗಕ್ಕೂ ಹೆಚ್ಚು. ಚಳಿಗೆ ತಳದಲ್ಲಿ ಹರಳುಗಟ್ಟುವುದು ದೋಷವಲ್ಲ. ಅಗ್‌ಮಾರ್ಕ್ ಇರುವ, ಜೇನು ಕೃಷಿಕರ ಸಹಕಾರ ಸಂಘದ ಬಾಟಲಿ ಸಿಕ್ಕರೆ ಅದನ್ನೇ ತೆಗೆದುಕೊಂಡು ಉಳಿದದ್ದು ಮರೆತುಬಿಡಿ.

ದ್ರವಗಳಲ್ಲಿ ನಮ್ಮ ಮೆಚ್ಚಿಗೆ ಕಾಚಂಪುಳಿಗೆ, ಅದರಲ್ಲೂ ನಕಲಿ ಇದೆ. ಉಪ್ಪಾಗೆ ಜಾತಿಯ ಹಣ್ಣಿನ ರಸ ಇಳಿಸಿ, ಕಪ್ಪಗೆ ದಪ್ಪಗೆ ಆಗುವ ತನಕ ಕುದಿಸಿ ಬತ್ತಿಸಿದ ಹುಳಿ ಇದು. ಪಂದಿಕರಿಗೆ (ಕೊಡವರ ಹಂದಿ ಮಾಂಸದ ಅಡುಗೆ) ಇದಿಲ್ಲದೆ ಬಣ್ಣವೂ ಇಲ್ಲ, ಘಾಟೂ ಇಲ್ಲ. ಒಂದು ಕಿಲೋ ಮಾಂಸಕ್ಕೆ ಒಂದು ದೊಡ್ಡ ಚಮಚ ಸಾಕಾಗಬೇಕು. ಮೂರು ನಾಲ್ಕು ಚಮಚ ಹಾಕಿದರೂ ಹುಳಿ ಹತ್ತದಿದ್ದರೆ ಅದು ನೀರು ಬೆರೆಸಿದ ಮಾಲು. ನಾಲಗೆಗೆ ಒಂದು ಹನಿ ಇಟ್ಟು ನೋಡಿ: ಅಸಲಿಯಲ್ಲಿ ಸಿಹಿಯ ಸುಳಿವಿರುವುದಿಲ್ಲ, ಚುರುಕು ಹುಳಿಯ ಹಿಂದೆ ಹೊಗೆಯ ವಾಸನೆ ಸಣ್ಣಗೆ ಇರುತ್ತದೆ. ಹುಣಿಸೆ–ಬೆಲ್ಲದ ನಕಲಿಯಲ್ಲಿ ಸಿಹಿ ಬರುತ್ತದೆ, ತಳದಲ್ಲಿ ನಾರು ಕೂರುತ್ತದೆ. 100 ಮಿಲಿ ಶೀಶೆ ಒಂದು ಮನೆಗೆ ವರ್ಷ ಬಂದೀತು, ಕೆಡುವುದೂ ಇಲ್ಲ. ದೊಡ್ಡ ಬಾಟಲಿ ಬೇಡವೇ ಬೇಡ.

ಚಾಕೊಲೇಟು ಬೇಗ ಮುಗಿಸುವ ವಿಷಯ. ಅಂಗೈ ಶಾಖಕ್ಕೆ ಕರಗದೆ ಮೇಣದಂತೆ ನಿಲ್ಲುವುದು ವನಸ್ಪತಿ ಕೊಬ್ಬಿನ ‘ಕಾಂಪೌಂಡ್’ ಚಾಕೊಲೇಟು, ಅಸಲಿಯಲ್ಲ. ಮಕ್ಕಳಿಗೆ ನೂರು ಗ್ರಾಂ ಸಾಕು. ವೈನ್ ಎಂದು ಕೊಡುವ ಲೇಬಲ್ ಇಲ್ಲದ ಬಾಟಲಿ ಬಿಟ್ಟುಬಿಡಿ: ಅಬಕಾರಿ ಪರವಾನಗಿ ಇಲ್ಲದೆ ಮಾರುವುದು ಅಪರಾಧ, ಒಳಗೆ ಏನಿದೆ ಎಂದು ಯಾರೂ ಹೊಣೆ ಹೊರುವುದಿಲ್ಲ, ಕಾರಿನ ಸೆಕೆಗೆ ಹುದುಗಿ ಬಿರಡೆ ಹಾರಿದರೆ ಸೀಟೂ ಹಾಳು.

ದುಬಾರಿ ಬಲೆ ಇರುವುದು ‘ಉಚಿತ ಸ್ಪೈಸ್ ಗಾರ್ಡನ್’ ಸುತ್ತಾಟದಲ್ಲಿ. ಹದಿನೈದು ನಿಮಿಷ ಗಿಡ ತೋರಿಸುತ್ತಾರೆ, ಆ ಭಾಗ ಚೆನ್ನಾಗಿಯೇ ಇರುತ್ತದೆ. ಬೆಂಚಿನ ಮೇಲೆ ಕೂರಿಸಿದ ಮೇಲೆ ಬೇರೆ ಆಟ. ಮಂಡಿಗೆ ಎಣ್ಣೆ ಹಚ್ಚಿ ತಿಕ್ಕಿ ‘ಈಗ ಹೇಗಿದೆ ಸರ್?’ ಎನ್ನುತ್ತಾರೆ. ಐದು ನಿಮಿಷ ತಿಕ್ಕಿದರೆ ಕೊಬ್ಬರಿ ಎಣ್ಣೆಗೂ ಹಾಯೆನಿಸುತ್ತದೆ. ಕೂದಲು, ಸಕ್ಕರೆ ಕಾಯಿಲೆ, ತೂಕ, ಪ್ರತಿಯೊಂದಕ್ಕೂ ಮೂರು ತಿಂಗಳ ಕೋರ್ಸ್, ಪ್ರತಿ ಕೋರ್ಸಿಗೂ ಸಾವಿರಗಳಲ್ಲಿ ಬೆಲೆ. ಆಯುರ್ವೇದ ಔಷಧಿ ಎಂದಾದರೆ ಲೇಬಲ್ಲಿನಲ್ಲಿ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ನಂಬರ್, ತಯಾರಿಸಿದ ಮತ್ತು ಮುಗಿಯುವ ತಾರೀಖು ಇರಲೇಬೇಕು. ಅದನ್ನು ತೋರಿಸಿ ಅಂದ ಕೂಡಲೆ ಮಾತು ಬೇರೆ ಕಡೆ ಹೊರಳುತ್ತದೆ. ಸಕ್ಕರೆ ಕಾಯಿಲೆಯವರು ಡಾಕ್ಟರ ಮಾತ್ರೆ ಬಿಟ್ಟು ಇದಕ್ಕೆ ಬೀಳುವುದು ದುಡ್ಡಿಗಿಂತ ದೊಡ್ಡ ನಷ್ಟ.

ತೂಕ, ಲೇಬಲ್ ನೋಡಲು ಅರ್ಧ ನಿಮಿಷ ಸಾಕು. ಪೊಟ್ಟಣದ ಮೇಲೆ ಎಂಆರ್‌ಪಿ, ನಿವ್ವಳ ತೂಕ, ಪ್ಯಾಕ್ ಮಾಡಿದ ತಿಂಗಳು, ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇರಬೇಕು. ಪೊಟ್ಟಣ ಕಾಲು ಕಿಲೋದಂತೆ ಕಂಡರೂ ಒಳಗಿರುವುದು ಹೆಚ್ಚಾಗಿ 200 ಗ್ರಾಂ. ಅದಕ್ಕೆ 300 ರೂಪಾಯಿ ಅಂದರೆ ಕಿಲೋಗೆ 1,500. ಬಾಯಲ್ಲಿ ‘ಕಾಲು ಕಿಲೋಗೆ ಮುನ್ನೂರು’ ಅಂದಾಗ ನಿಮ್ಮ ತಲೆ 1,200 ಎಂದು ಲೆಕ್ಕ ಹಾಕಿರುತ್ತದೆ. ಬಿಡಿಯಾಗಿ ತೂಗಿಸುವುದಾದರೆ ತಕ್ಕಡಿ ಸೊನ್ನೆಯಲ್ಲಿದೆಯೇ, ಕಾನೂನು ಮಾಪನ ಇಲಾಖೆಯ ಮುದ್ರೆ ಇದೆಯೇ ನೋಡಿ. ‘ಮೂರು ಕೊಂಡರೆ ಒಂದು ಫ್ರೀ’ ಎಂದಾಗ ಕೊಡುವ ದುಡ್ಡನ್ನು ನಾಲ್ಕರ ಒಟ್ಟು ತೂಕದಿಂದ ಭಾಗಿಸಿ. ಬಿಲ್ ಕೇಳಿ. ‘ಬಿಲ್ ಬೇಕಂದ್ರೆ ಟ್ಯಾಕ್ಸ್ ಹೆಚ್ಚಾಗ್ತದೆ ಸರ್’ ಎಂಬುದು ಪೊಳ್ಳು ಬೆದರಿಕೆ, ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ.

ಕೆಲವು ಅಂಗಡಿಗಳ ಕೌಂಟರಿನಲ್ಲೇ ಮಾಂದಲಪಟ್ಟಿ ಗುಡ್ಡಕ್ಕೆ ಜೀಪನ್ನೂ ಹಿಡಿದುಕೊಡುತ್ತಾರೆ. ದರ ಕೇಳುವಾಗ ನಾಲ್ಕು ವಿಷಯ ಮೊದಲೇ ಬಾಯಿಬಿಡಿಸಿ: ಜೀಪಿಗೋ ತಲೆಗೋ, ಹೋಗಿಬರುವುದು ಸೇರಿಯೋ, ಮೇಲೆ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಅರಣ್ಯ ಇಲಾಖೆಯ ಪ್ರವೇಶ ಟಿಕೆಟ್ ಒಳಗೋ ಹೊರಗೋ. ಕೊನೆಯ ಏರು ಕಲ್ಲುಮಣ್ಣಿನದು, ಅಲ್ಲಿ ಜೀಪು ಬೇಕೆಂಬುದು ಸುಳ್ಳಲ್ಲ. ಆದರೆ ಮಡಿಕೇರಿ ಪೇಟೆಯಿಂದಲೇ ಹತ್ತಬೇಕೆಂದಿಲ್ಲ. ‘ದುಬಾರೆ ಆನೆ ಶಿಬಿರ ಇವತ್ತು ಬಂದ್’ ಎಂದು ಹೇಳಿ ಬೇರೆ ಕಡೆ ಕರೆದೊಯ್ಯುವವರಿದ್ದಾರೆ. ಆನೆ ಸ್ನಾನ ಬೆಳಗ್ಗೆ ಮಾತ್ರ, ಮಧ್ಯಾಹ್ನ ಹೋದರೆ ನಿಜವಾಗಿಯೂ ಮುಗಿದಿರುತ್ತದೆ. ಬೈಲಕುಪ್ಪೆಯ ಸ್ವರ್ಣಮಂದಿರಕ್ಕೆ ಪ್ರವೇಶ ಶುಲ್ಕವೇ ಇಲ್ಲ, ಟಿಕೆಟ್ ಮಾಡಿಸಿಕೊಡುತ್ತೇನೆ ಎಂದವರಿಗೆ ಒಂದು ರೂಪಾಯಿಯೂ ಬೇಡ. ಫೋನಿನಲ್ಲಿ ಹೋಂಸ್ಟೇ ಮುಂಗಡ ಕೇಳಿದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ, ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸಲು ಹೇಳಿ. ಮುಂಗಡ ವಾಪಸ್ ಪಡೆಯಲು ಯುಪಿಐ ಪಿನ್ ಒತ್ತಿ ಅಂದರೆ ಅದು ಕಳ್ಳರೇ. ಪಿನ್ ಇರುವುದು ಹಣ ಕಳಿಸಲಿಕ್ಕೆ, ಪಡೆಯಲಿಕ್ಕಲ್ಲ. ದುಡ್ಡು ಹೋದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತದೆ. ಅಂಗಡಿ ಸರಕಿನ ದೂರಿಗೆ ಗ್ರಾಹಕ ಸಹಾಯವಾಣಿ 1915, ಬಿಲ್ ಮತ್ತು ಒಡೆಯದ ಒಂದು ಪೊಟ್ಟಣ ಕೈಯಲ್ಲಿರಲಿ.

ಸಮಯ ಇದ್ದರೆ ಸಂತೆಗೆ ಹೋಗಿ. ಮಡಿಕೇರಿಯಲ್ಲಿ ಶುಕ್ರವಾರ, ಸೋಮವಾರಪೇಟೆಯಲ್ಲಿ ಸೋಮವಾರ. ಶನಿವಾರಸಂತೆ ಯಾವಾಗ ಎಂದು ಹೇಳಬೇಕಿಲ್ಲ. ಅಲ್ಲಿಯ ಮೆಣಸಿಗೆ ಬಣ್ಣದ ಡಬ್ಬಿ ಇರುವುದಿಲ್ಲ, ಚಾಲಕನ ಪಾಲೂ ಇರುವುದಿಲ್ಲ. ಕಡ್ಡಿ, ಧೂಳು, ಒಂದೆರಡು ಕಲ್ಲು ಇರುತ್ತವೆ. ಜರಡಿ ಹಿಡಿಯುವ ಕೆಲಸ ನಿಮ್ಮದು.